ಕತ್ತರಿಸಿದ ಬಾಟಲಿ ಮರಳಿ ಹೋಗುವುದಿಲ್ಲ

ಶಾಲಾ ಕಾಲೇಜುಗಳ ವಸ್ತುಪ್ರದರ್ಶನಗಳಲ್ಲಿ ‘ಕಸದಿಂದ ರಸ’ ಎಂಬ ಮೇಜೊಂದು ತಪ್ಪದೆ ಇರುತ್ತದೆ. ಈಚಿನ ವರ್ಷಗಳಲ್ಲಿ ಆ ಮೇಜಿನ ಮೇಲೆ ಹೆಚ್ಚು ಮೆಚ್ಚುಗೆ ಗಳಿಸುತ್ತಿರುವುದು ಗಾಜಿನ ಬಾಟಲಿಯನ್ನು ಮನೆಯಲ್ಲೇ ಕತ್ತರಿಸಿ ಮಾಡಿದ ಲೋಟ, ಹೂದಾನಿ ಮತ್ತು ದೀಪ. ಕಂದು ಬಣ್ಣದ ಬಿಯರ್ ಬಾಟಲಿಯ ತಳ ಕತ್ತರಿಸಿ, ಒಳಗೆ ಮಿಣುಕುವ ಸರದೀಪ ತೂರಿಸಿ, ಪಕ್ಕದಲ್ಲಿ ‘ಪರಿಸರ ಉಳಿಸಿ’ ಎಂಬ ಫಲಕ ನಿಲ್ಲಿಸಿದರೆ ತೀರ್ಪುಗಾರರು ತಲೆದೂಗುತ್ತಾರೆ. ಆ ಬಾಟಲಿ ಎಲ್ಲಿಂದ ಬಂತು, ಕತ್ತರಿಸದೆ ಬಿಟ್ಟಿದ್ದರೆ ಎಲ್ಲಿಗೆ ಹೋಗುತ್ತಿತ್ತು, ಕತ್ತರಿಸಿದ ಮೇಲೆ ಉಳಿದ ಅರ್ಧ ಭಾಗ ಈಗ ಎಲ್ಲಿ ಬಿದ್ದಿದೆ ಎಂದು ಕೇಳುವವರು ಮಾತ್ರ ಯಾರೂ ಇಲ್ಲ.

ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗಕ್ಕಿಂತ ತಕ್ಕ ಸ್ಥಳ ಬೇರೆ ಬೇಕಿಲ್ಲ. ಮಾಗಡಿ ಕೆಂಪೇಗೌಡರ ಕಾಲದ ಕೋಟೆಯನ್ನು ಹೊತ್ತ ಈ ಬೆಟ್ಟ ಸಾವನದುರ್ಗ, ಹುಲಿಯೂರುದುರ್ಗ, ದೇವರಾಯನದುರ್ಗಗಳ ಜೊತೆಗೆ ನವದುರ್ಗಗಳಲ್ಲಿ ಒಂದೆಂದು ಎಣಿಕೆಯಾಗುತ್ತದೆ. ಒಂದರ ಮೇಲೊಂದರಂತೆ ಏರುವ ಕಲ್ಲಿನ ಸುತ್ತುಗೋಡೆಗಳು, ಹೆಬ್ಬಂಡೆಗಳ ನಡುವೆ ನುಸುಳುವ ಬಾಗಿಲುಗಳು, ನೆತ್ತಿಯಲ್ಲಿ ಶಂಕರೇಶ್ವರನ ಗುಡಿ. 1791ರ ಡಿಸೆಂಬರಿನಲ್ಲಿ, ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ, ಕಾರ್ನ್‌ವಾಲಿಸನ ಸೇನೆ ಇದನ್ನೂ ಹಿಡಿಯಿತು. ಇಂದು ಇಲ್ಲಿಗೆ ಬರಲು ಸೇನೆ ಬೇಕಿಲ್ಲ. ಬೆಂಗಳೂರಿನಿಂದ ಮಾಗಡಿ ರಸ್ತೆ ಹಿಡಿದು ಸಂತೆಪೇಟೆಗೆ ಬಂದರೆ ಬೆಟ್ಟ ಎದುರಿಗೇ ನಿಲ್ಲುತ್ತದೆ. ಶನಿವಾರ, ಭಾನುವಾರಗಳಲ್ಲಿ ಚಾರಣಕ್ಕೆಂದು ಬರುವವರಲ್ಲಿ ಬೆಟ್ಟವನ್ನು ಪ್ರೀತಿಸುವವರೂ ಇದ್ದಾರೆ, ಬೆಟ್ಟವನ್ನು ಬಯಲು ಬಾರೆಂದು ತಿಳಿದವರೂ ಇದ್ದಾರೆ. ಎರಡನೆಯವರು ಇಳಿಯುವಾಗ ಕೈ ಬರಿದಾಗಿರುತ್ತದೆ, ಬಂಡೆಯ ಸಂದಿ ತುಂಬಿರುತ್ತದೆ.

ಬಂಡೆಗೆ ಬಡಿದು ಒಡೆದ ಬಾಟಲಿ ಬಿದ್ದಲ್ಲಿಯೇ ಇರುವುದಿಲ್ಲ. ಮಳೆಗಾಲದ ನೀರು ಚೂರುಗಳನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ, ಹಳ್ಳದಿಂದ ಹೊಲಕ್ಕೆ ಉರುಳಿಸಿ ತರುತ್ತದೆ. ಕುರಿ ಮೇಯಿಸುವವರ ಹಿಮ್ಮಡಿ, ಹಳ್ಳಿಕಾರ್ ಎತ್ತಿನ ಗೊರಸಿನ ಸಂದು, ರಾಗಿ ಪೈರಿನಲ್ಲಿ ಕಳೆ ಕೀಳುವ ಹೆಂಗಸಿನ ಬೆರಳು, ಇವುಗಳಿಗೆ ಆ ಚೂರಿನ ಪರಿಚಯವಾಗುವುದು ನೋವಿನ ಮೂಲಕವೇ. ಪ್ಲಾಸ್ಟಿಕ್ಕಿನಂತೆ ಗಾಜು ಗಾಳಿಗೆ ಹಾರುವುದಿಲ್ಲ, ದೂರದಿಂದ ಕಣ್ಣಿಗೂ ಬೀಳುವುದಿಲ್ಲ. ಮನುಷ್ಯರ ಲೆಕ್ಕದ ಯಾವ ಕಾಲಾವಧಿಯಲ್ಲೂ ಅದು ಕೊಳೆಯುವುದಿಲ್ಲ. ಮಣ್ಣಿನೊಳಗೆ ಅಲಗು ಮೇಲಾಗಿ ಕಾದಿರುತ್ತದೆ.

ಈ ಪಿಡುಗಿಗೆ ಬಾಟಲಿ ಕತ್ತರಿಸುವ ಕುಶಲಕಲೆಯೇ ಮದ್ದು ಎಂದು ಹೇಳುವ ಸಜ್ಜನರಿಗೆ ಕೊರತೆಯಿಲ್ಲ. ಬೆಟ್ಟದ ಬಾಟಲಿಗಳನ್ನು ಮಕ್ಕಳಿಂದ ಆರಿಸಿ ತರಿಸಿ, ಸ್ತ್ರೀಶಕ್ತಿ ಸಂಘಗಳಿಗೆ ಎರಡು ದಿನದ ತರಬೇತಿ ಕೊಟ್ಟು, ದೀಪ ಮಾಡಿಸಿ, ಪೇಟೆಯಲ್ಲಿ ಮಾರಿಸಿದರೆ ಬೆಟ್ಟವೂ ಶುಚಿ, ಹಳ್ಳಿಗೂ ಆದಾಯ ಎಂಬುದು ಅವರ ಲೆಕ್ಕಾಚಾರ. ಕೇಳಲು ಇಂಪಾಗಿರುವ ಈ ಸಲಹೆಯನ್ನು ಒಂದೊಂದೇ ಎಳೆಯಾಗಿ ಬಿಡಿಸಿ ನೋಡುವ ಅಗತ್ಯವಿದೆ.

ಮೊದಲು ಕತ್ತರಿಸುವ ಕೆಲಸ. ಮಾತು ರೂಢಿಯದು, ವಾಸ್ತವದಲ್ಲಿ ಗಾಜನ್ನು ಯಾರೂ ಕತ್ತರಿಸುವುದಿಲ್ಲ, ಬೇಕಾದ ಕಡೆ ಒಡೆಯುವಂತೆ ಒಲಿಸುತ್ತಾರೆ ಅಷ್ಟೆ. ಗಾಜು ಕೊಯ್ಯುವ ಉಪಕರಣದ ತುದಿಯಲ್ಲಿರುವ ಗಟ್ಟಿ ಲೋಹದ ಪುಟ್ಟ ಚಕ್ರವನ್ನು ಬಾಟಲಿಯ ಸುತ್ತ ಒಮ್ಮೆ, ಒಂದೇ ಒತ್ತಡದಲ್ಲಿ ಉರುಳಿಸಿ ಗೀರು ಮಾಡಲಾಗುತ್ತದೆ. ಆ ಗೀರಿನ ಮೇಲೆ ಕುದಿನೀರು, ಬಳಿಕ ತಣ್ಣೀರು, ಮತ್ತೆ ಕುದಿನೀರು. ಗಾಜಿನಲ್ಲಿ ಶಾಖ ನಿಧಾನವಾಗಿ ಹರಿಯುವುದರಿಂದ ಕಾದ ಭಾಗ ಹಿಗ್ಗುತ್ತದೆ, ಪಕ್ಕದ ತಣ್ಣನೆಯ ಭಾಗ ಹಿಗ್ಗದೆ ಹಿಡಿದೆಳೆಯುತ್ತದೆ. ಈ ಎಳೆದಾಟ ಗೀರಿನ ತುದಿಯಲ್ಲಿ ಒಟ್ಟುಗೂಡಿ ಬಿರುಕು ಓಡುತ್ತದೆ. ಗೀರು ಒಂದು ಕಡೆ ತಪ್ಪಿದ್ದರೆ, ಇಲ್ಲವೇ ಎರಡು ಸಲ ಬಿದ್ದಿದ್ದರೆ, ಬಿರುಕು ತನ್ನದೇ ದಾರಿ ಹಿಡಿಯುತ್ತದೆ. ಅಚ್ಚಿನೊಳಗೆ ಊದಿ ಮಾಡಿದ ಬಾಟಲಿಯ ಗೋಡೆ ಎಲ್ಲೆಡೆ ಒಂದೇ ದಪ್ಪ ಇರುವುದೂ ಇಲ್ಲ.

ಉಪಕರಣವಿಲ್ಲದ ಮನೆಗಳಲ್ಲಿ ನಡೆಯುವುದು ದಾರದ ವಿಧಾನ. ಹತ್ತಿಯ ದಾರವನ್ನು ಸೀಮೆಎಣ್ಣೆಯಲ್ಲೋ, ಉಗುರುಬಣ್ಣ ಅಳಿಸುವ ಅಸಿಟೋನ್‌ನಲ್ಲೋ ಅದ್ದಿ, ಬಾಟಲಿಗೆ ಸುತ್ತಿ, ಬೆಂಕಿ ಹಚ್ಚಿ, ಉರಿಯುತ್ತಿರುವಾಗಲೇ ತಿರುಗಿಸುತ್ತಾ ಹೋಗಿ ಕೊನೆಗೆ ತಣ್ಣೀರಿನ ಬಕೆಟ್ಟಿಗೆ ಮುಳುಗಿಸುವುದು. ನೋಡುಗರಿಗೆ ಇದು ಜಾದೂ. ಅಸಿಟೋನ್‌ನ ಆವಿ ಕಣ್ಣಿಗೆ ಕಾಣದೆ ಮೇಜಿನ ಮೇಲೆ ಹರಡಿ, ತುಸು ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದೆಂಬುದನ್ನು ಜಾದೂ ತೋರಿಸುವವರು ಹೇಳುವುದಿಲ್ಲ. ಹದಿಮೂರು ವರ್ಷದ ಹುಡುಗ ಉರಿಯುವ ಬಾಟಲಿಯನ್ನು ಬರಿಗೈಯಲ್ಲಿ ತಿರುಗಿಸುವುದನ್ನು ‘ಕಾರ್ಯಾನುಭವ’ ಎಂದು ಕರೆಯುವ ಶಾಲೆ ಅದಕ್ಕೆ ಪೋಷಕರ ಅನುಮತಿ ಪತ್ರವನ್ನಾದರೂ ಪಡೆದಿರುತ್ತದೆಯೇ?

ಒಡೆದ ಅಂಚನ್ನು ಉಪ್ಪುಕಾಗದದಿಂದ ಉಜ್ಜಬೇಕು. ನೀರು ಹಾಕಿ ಉಜ್ಜದಿದ್ದರೆ ಗಾಜಿನ ಪುಡಿ ಕಣ್ಣಿಗೂ ಉಸಿರಿಗೂ ಸೇರುತ್ತದೆ. ಎಷ್ಟು ಉಜ್ಜಿದರೂ ಅಂಚಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳು ಉಳಿಯಬಹುದು. ಬಿಸಿ ಕಾಫಿ ಸುರಿದ ದಿನ ಆ ಲೋಟ ಸೀಳಿದರೆ ಅಚ್ಚರಿಯಿಲ್ಲ. ಗಾಜಿನ ವೃತ್ತಿಯವರು ಅಂಚನ್ನು ಉರಿಗೆ ಹಿಡಿದು ಕರಗಿಸಿ ದುಂಡಾಗಿಸುತ್ತಾರೆ, ಆಮೇಲೆ ಸುಮಾರು 550 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿಟ್ಟು ಮೆಲ್ಲಗೆ ಆರಿಸಿ ಗಾಜಿನೊಳಗಿನ ಎಳೆತವನ್ನು ಇಳಿಸುತ್ತಾರೆ. ಅಂತಹ ಕುಲುಮೆ ಯಾವ ಸ್ತ್ರೀಶಕ್ತಿ ಸಂಘದಲ್ಲಿದೆ? ತರಬೇತಿಯ ಎರಡು ದಿನದಲ್ಲಿ ಒಡೆದು ಹಾಳಾದ ಬಾಟಲಿಗಳ ಲೆಕ್ಕ ಯಾವ ವರದಿಯಲ್ಲಿ ಬರುತ್ತದೆ?

ಆದರೂ ಅಪಾಯವೇ ಇಲ್ಲಿನ ಮುಖ್ಯ ತಕರಾರಲ್ಲ. ಕುಡುಗೋಲು ಹಿಡಿಯುವ ಊರಿನವರಿಗೆ ಅಲಗಿನ ಪಾಠ ಹೊಸದಾಗಿ ಹೇಳಬೇಕಿಲ್ಲ. ಕೈಗವಸು, ಕನ್ನಡಕ ಹಾಕಿಕೊಂಡು ಹಿರಿಯರು ಮಾಡಿದರೆ ಬಹುಮಟ್ಟಿಗೆ ಕ್ಷೇಮವಾಗಿ ಮಾಡಬಹುದು. ತಕರಾರು ಇರುವುದು ಬೇರೆಡೆ. ಇಡಿಯಾದ ಬಾಟಲಿ ಕಸವಲ್ಲ. ಅದನ್ನು ಕಸವಾಗಿಸುವುದು ಕತ್ತರಿಸುವ ಕ್ರಿಯೆ.

ಬಿಯರ್ ತುಂಬುವ 650 ಮಿಲಿಲೀಟರಿನ ಕಂದು ಬಾಟಲಿಯ ಬದುಕನ್ನೇ ನೋಡಿ. ಅಂಗಡಿಯ ಹಿಂದಿನ ಗೋಣಿಚೀಲದಿಂದ ಅದು ಗುಜರಿಯವನ ಗಾಡಿಗೆ ಹೋಗುತ್ತದೆ. ಅಲ್ಲಿಂದ ಪಟ್ಟಣದ ಗೋದಾಮಿನಲ್ಲಿ ಬಣ್ಣ, ಅಳತೆ, ಗುರುತಿನ ಪ್ರಕಾರ ಬೇರ್ಪಟ್ಟು ಕ್ರೇಟಿಗೆ ಸೇರಿ ಮತ್ತೆ ಬಿಯರ್ ಕಾರ್ಖಾನೆಗೆ ಮರಳುತ್ತದೆ. ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದು, ಬೆಳಕಿಗೆ ಹಿಡಿದು ಪರೀಕ್ಷಿಸಿ, ಮತ್ತೆ ತುಂಬುತ್ತಾರೆ. ಒಂದೇ ಬಾಟಲಿ ಹೀಗೆ ಹಲವು ಸುತ್ತು ತಿರುಗುತ್ತದೆ. ಬಾಯಿಯ ಅಂಚಿನಲ್ಲಿ ಕಡಲೆಬೇಳೆಯಷ್ಟು ಚಕ್ಕೆ ಎದ್ದಿದ್ದರೂ ಅದು ತಿರಸ್ಕೃತ. ಹಾಗಿರುವಾಗ ತಳ ಹಾರಿಸಿದ ಬಾಟಲಿಯ ಗತಿಯೇನು? ಅದು ಇನ್ನು ಚೂರಿನ ಲೆಕ್ಕ. ಚೂರನ್ನು ಕುಲುಮೆಗೆ ಹಾಕಿ ಹೊಸ ಬಾಟಲಿ ಮಾಡಬಹುದು, ನಿಜ. ಮರಳು, ಸೋಡಾ, ಸುಣ್ಣಕಲ್ಲಿನ ಖರ್ಚು ಅಷ್ಟು ಉಳಿಯುತ್ತದೆ. ಆದರೆ ಕುಲುಮೆ ಸುಮಾರು 1500 ಡಿಗ್ರಿಯಲ್ಲಿ ಉರಿಯಬೇಕು. ಮಿಶ್ರಣದಲ್ಲಿ ಶೇ 10ರಷ್ಟು ಚೂರು ಸೇರಿಸಿದರೆ ಇಂಧನ ಉಳಿಯುವುದು ಶೇ 3ರ ಒಳಗೆ. ತೊಳೆದು ಮತ್ತೆ ತುಂಬುವ ಬಾಟಲಿಗೆ ಕುಲುಮೆಯೇ ಬೇಡ.

ಇನ್ನು ಬಣ್ಣ ಬಳಿದು, ಅಂಟಿನಿಂದ ಸೆಣಬಿನ ಹುರಿ ಸುತ್ತಿ, ಪ್ಲಾಸ್ಟಿಕ್ ಸರದೀಪವನ್ನೂ ಗುಂಡಿ ಬ್ಯಾಟರಿಯನ್ನೂ ಸೇರಿಸಿದ ‘ಪರಿಸರಸ್ನೇಹಿ’ ದೀಪವನ್ನು ಗುಜರಿಯವನೂ ಮುಟ್ಟುವುದಿಲ್ಲ. ಬೇರ್ಪಡಿಸಲಾಗದಂತೆ ನಾಲ್ಕು ಬಗೆಯ ಕಸವನ್ನು ಒಂದಾಗಿ ಬೆಸೆದದ್ದಕ್ಕೆ ಪ್ರಥಮ ಬಹುಮಾನ!

ಉಳಿದ ತುಂಡುಗಳು ಎಲ್ಲಿಗೆ ಹೋಗುತ್ತವೆ? ಕೆಲವು ಕಾಂಪೌಂಡ್ ಗೋಡೆಯ ಮೇಲೆ ಸಿಮೆಂಟಿನಲ್ಲಿ ನಾಟಿಕೊಳ್ಳುತ್ತವೆ. ಹೆಚ್ಚಿನವು ಪಂಚಾಯಿತಿಯ ಕಸದ ಗಾಡಿ ಏರುತ್ತವೆ. ಗ್ರಾಮ ಪಂಚಾಯಿತಿಗಳ ಒಣಕಸ ಘಟಕಗಳಲ್ಲಿ ಕಸ ವಿಂಗಡಿಸುತ್ತಿರುವವರು ಬಹುಪಾಲು ಸ್ವಸಹಾಯ ಸಂಘಗಳ ಹೆಂಗಸರು. ಭಾರ ಹೆಚ್ಚು, ಬೆಲೆ ಕಡಿಮೆ, ಕೈ ಕೊಯ್ಯುವುದು ಖಚಿತ: ಗಾಜಿನ ಚೂರೆಂದರೆ ಅವರ ಪಾಲಿಗೆ ಇಷ್ಟೆ. ಒಂದು ಸಂಘದ ಹೆಂಗಸರ ‘ಆದಾಯ’ಕ್ಕಾಗಿ ಮಾಡಿದ ಕಲೆಯ ಚೂರನ್ನು ಇನ್ನೊಂದು ಸಂಘದ ಹೆಂಗಸರು ಆರಿಸಬೇಕಾಗಿ ಬರುವುದನ್ನು ಯಾವ ಸಬಲೀಕರಣ ಎನ್ನುವುದು?

ಬಾಟಲಿಯನ್ನು ಮತ್ತೆ ಬಳಸುವುದು ಹಳ್ಳಿಗೆ ಪೇಟೆಯವರು ಕಲಿಸಬೇಕಾದ ವಿದ್ಯೆಯೂ ಅಲ್ಲ. ಸಂತೆಯ ಗೋಲಿ ಸೋಡಾವನ್ನು ನೆನಪಿಸಿಕೊಂಡರೆ ಸಾಕು. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ಹಕ್ಕುಪತ್ರ ಪಡೆದ ಆ ಬಾಟಲಿ ಅಲ್ಲಿ ಮರೆತುಹೋಗಿ ಎಷ್ಟೋ ಕಾಲವಾದ ಮೇಲೂ ಕನ್ನಡ ನಾಡಿನ ಸಂತೆಗಳಲ್ಲಿ ಬದುಕಿತ್ತು. ಕುಡಿಯುವವನು ಅಲ್ಲಿಯೇ ನಿಂತು ಕುಡಿಯಬೇಕು, ಬಾಟಲಿ ಅಂಗಡಿಯವನಿಗೇ ಸೇರಬೇಕು. ಅವನಿಗೆ ಒಳಗಿನ ಸೋಡಾಕ್ಕಿಂತ ಬಾಟಲಿಯೇ ಹೆಚ್ಚು ಬೆಲೆಯದು. ತಂಪು ಪಾನೀಯದ ಗಾಜಿನ ಬಾಟಲಿಯನ್ನು ಮನೆಗೆ ಒಯ್ಯಬೇಕಾದರೆ ಡಿಪಾಸಿಟ್ ಇಡಬೇಕಿತ್ತು. ವಿದ್ಯುತ್ ಇಲ್ಲದ ಮನೆಗಳಲ್ಲಿ ಖಾಲಿ ಶೀಷೆಯ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ಇಳಿಸಿದರೆ ಸೀಮೆಎಣ್ಣೆ ಬುಡ್ಡಿಯಾಗುತ್ತಿತ್ತು. ಸೋರೆ, ಹೀರೆ, ಅವರೆಯ ಬೀಜವನ್ನು ಒಣಗಿಸಿ, ಬೂದಿ ಬೆರೆಸಿ, ಶೀಷೆಯಲ್ಲಿ ತುಂಬಿಟ್ಟರೆ ಮುಂದಿನ ಮುಂಗಾರಿಗೆ ಹುಳವಿಲ್ಲದೆ ಸಿಗುತ್ತಿತ್ತು. ಈ ಯಾವುದರಲ್ಲೂ ಬಾಟಲಿಗೆ ಗೀರು ಬೀಳಲಿಲ್ಲ. ಇದನ್ನು ಯಾರೂ ಕಲೆಯೆಂದು ಕರೆಯಲಿಲ್ಲ, ಅದಕ್ಕೆ ಪ್ರದರ್ಶನವೂ ನಡೆಯಲಿಲ್ಲ.

ಆಮೇಲೆ ಆದದ್ದೇನು? ಕಂಪೆನಿಗಳಿಗೆ ಬಾಟಲಿಯನ್ನು ಮರಳಿ ತರಿಸುವ ಹೊರೆ ಬೇಡವಾಯಿತು. ಪಾನೀಯಗಳು ಪ್ಲಾಸ್ಟಿಕ್ ಬಾಟಲಿಗೆ ಇಳಿದವು, ಸಣ್ಣ ಅಳತೆಯ ಮದ್ಯ ಕಾಗದದ ಪೊಟ್ಟಣಕ್ಕೆ ಇಳಿಯಿತು. ಸಾರಾಯಿ ಅದಕ್ಕೂ ಮೊದಲೇ ಪ್ಲಾಸ್ಟಿಕ್ ಸ್ಯಾಚೆಗೆ ಬಂದಿತ್ತು; 2007ರ ಜುಲೈ 1ರಂದು ಸಾರಾಯಿ ನಿಷೇಧವಾಗುವವರೆಗೂ ಆ ಸ್ಯಾಚೆ ಹಳ್ಳಿಯ ಪ್ರತಿ ಬೇಲಿಯಲ್ಲೂ ನೇತಾಡುತ್ತಿತ್ತು. ಗಾಜಿನಲ್ಲೂ ವಿಚಿತ್ರ ಆಕಾರದ, ಒಂದೇ ಕಂಪೆನಿಗೆ ಸಲ್ಲುವ, ಗುಜರಿಯವನಿಗೆ ಬೇಡವಾದ ಬಾಟಲಿಗಳು ಹೆಚ್ಚಿದವು. ಲಾಭ ತಯಾರಕನದು, ಖಾಲಿ ಬಾಟಲಿ ಊರಿನದು ಎಂಬ ವ್ಯವಸ್ಥೆ ನೆಲೆಯಾಯಿತು. ಈ ವ್ಯವಸ್ಥೆಗೆ ‘ಕಸದಿಂದ ರಸ’ದಷ್ಟು ಅನುಕೂಲವಾದ ಘೋಷಣೆ ಇನ್ನೊಂದಿಲ್ಲ. ಖಾಲಿ ಬಾಟಲಿ ತನ್ನ ಜವಾಬ್ದಾರಿ ಎಂದು ವಿದ್ಯಾರ್ಥಿ ಒಪ್ಪಿಕೊಂಡ ದಿನ, ತಯಾರಕನ ಜವಾಬ್ದಾರಿ ತೀರಿದಂತೆ.

ಈ ತಂತ್ರಕ್ಕೆ ಇತಿಹಾಸವಿದೆ. ಅಮೆರಿಕದ ವರ್ಮಾಂಟ್ ರಾಜ್ಯ 1953ರಲ್ಲಿ ಮರಳಿಸಲಾಗದ ಬಾಟಲಿಗಳಲ್ಲಿ ಬಿಯರ್ ಮಾರುವುದನ್ನು ನಿಷೇಧಿಸಿತು. ಎಸೆದ ಬಾಟಲಿಗಳು ಹುಲ್ಲುಗಾವಲಿಗೆ ಬಿದ್ದು ದನಗಳಿಗೆ ಹಾನಿಯಾಗುತ್ತಿದೆ ಎಂದು ದೂರಿದವರು ಅಲ್ಲಿನ ರೈತರು. ಅದೇ ವರ್ಷ ಡಬ್ಬ, ಬಾಟಲಿ, ಪಾನೀಯ ಕಂಪೆನಿಗಳು ಸೇರಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಕಟ್ಟಿದವು. ಕಸದ ತಪ್ಪು ಎಸೆಯುವವನದು, ತಯಾರಿಸುವವನದಲ್ಲ ಎಂಬ ಭಾವನೆಯನ್ನು ಆ ದೇಶದ ಮನಸ್ಸಿನಲ್ಲಿ ಬಿತ್ತಿದ್ದು ಅದರ ಪ್ರಚಾರ. ವರ್ಮಾಂಟಿನ ಕಾನೂನು 1957ರಲ್ಲಿ ನವೀಕರಣವಾಗದೆ ಕೊನೆಗೊಂಡಿತು. ಪ್ರತಿ ಬಾಟಲಿಗೂ ಠೇವಣಿ ಕಡ್ಡಾಯ ಮಾಡುವ ಕಾನೂನು ಆ ದೇಶದಲ್ಲಿ ಮೊದಲು ಬರಲು 1971ರವರೆಗೆ ಕಾಯಬೇಕಾಯಿತು, ಅದೂ ದೂರದ ಆರೆಗಾನ್ ರಾಜ್ಯದಲ್ಲಿ. ವರ್ಮಾಂಟಿನ ದನಗಾಹಿಯ ದೂರಿಗೂ ಹುತ್ರಿದುರ್ಗದ ಕುರಿಗಾಹಿಯ ದೂರಿಗೂ ವ್ಯತ್ಯಾಸವೇನಿದೆ?

ಅಷ್ಟು ದೂರ ಹೋಗುವುದೂ ಬೇಡ. ಗುಂಡ್ಲುಪೇಟೆ ದಾಟಿದರೆ ನೀಲಗಿರಿ. ಬೆಟ್ಟಗಾಡಿನಲ್ಲಿ ಎಸೆದ ಮದ್ಯದ ಬಾಟಲಿಗಳ ಚೂರಿನಿಂದ ಕಾಡುಪ್ರಾಣಿಗಳಿಗೆ ಆಗುತ್ತಿರುವ ಹಾನಿಯ ವಿಚಾರಣೆ ನಡೆಸಿದ ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇರೆಗೆ, ತಮಿಳುನಾಡಿನ ಸರ್ಕಾರಿ ಮದ್ಯ ಮಾರಾಟ ಸಂಸ್ಥೆ ಟಾಸ್ಮಾಕ್ 2022ರ ಮೇ ತಿಂಗಳಲ್ಲಿ ನೀಲಗಿರಿ ಜಿಲ್ಲೆಯಲ್ಲಿ ಹೊಸ ಕ್ರಮ ಜಾರಿಗೆ ತಂದಿತು. ಬಾಟಲಿಗೊಂದು ಗುರುತಿನ ಚೀಟಿ, ಬೆಲೆಯ ಮೇಲೆ 10 ರೂಪಾಯಿ ಹೆಚ್ಚು. ಖಾಲಿ ಬಾಟಲಿ ಮರಳಿಸಿದರೆ ಆ 10 ರೂಪಾಯಿ ವಾಪಸು. ಇಷ್ಟೆ. ಬಹುಪಾಲು ಬಾಟಲಿಗಳು ಮರಳಿ ಬಂದವು. ಕುಡಿದವನು ಎಸೆದರೂ, 10 ರೂಪಾಯಿಗಾಗಿ ಆರಿಸುವವರು ಇದ್ದೇ ಇದ್ದರು. ಮಾರಾಟ ಸಿಬ್ಬಂದಿ ಸ್ಥಳವಿಲ್ಲ, ಕೆಲಸ ಹೆಚ್ಚು ಎಂದು ಪ್ರತಿಭಟಿಸಿದ್ದೂ ಉಂಟು. ಅವರ ದೂರಿನಲ್ಲಿ ಸತ್ಯವೂ ಇತ್ತು. ಆದರೂ ಕ್ರಮ ನಿಲ್ಲಲಿಲ್ಲ, ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. 2025ರ ಸೆಪ್ಟೆಂಬರಿನಲ್ಲಿ ಕೇರಳವೂ ತಿರುವನಂತಪುರ, ಕಣ್ಣೂರು ಜಿಲ್ಲೆಗಳ ಆಯ್ದ ಮಳಿಗೆಗಳಲ್ಲಿ 20 ರೂಪಾಯಿ ಠೇವಣಿಯ ಪ್ರಯೋಗ ಆರಂಭಿಸಿತು.

ಕರ್ನಾಟಕಕ್ಕೆ ಇದು ಅಸಾಧ್ಯವೆಂದು ವಾದಿಸಲು ಬರುವುದಿಲ್ಲ. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ರಾಜ್ಯದ ಮದ್ಯದ ಸಗಟು ವ್ಯಾಪಾರ ನಡೆಯುತ್ತದೆ. ಅಂದರೆ ಹುತ್ರಿದುರ್ಗದ ಬಂಡೆಯ ಸಂದಿಯಲ್ಲಿ ಬಿದ್ದಿರುವ ಕಾನೂನುಬದ್ಧ ಮದ್ಯದ ಬಾಟಲಿ ಒಮ್ಮೆ ಸರ್ಕಾರದ ಲೆಕ್ಕಪುಸ್ತಕದಲ್ಲಿ ಹಾದುಬಂದದ್ದೇ. ಅದರ ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಚೀಟಿಯೂ ಇರುತ್ತದೆ. ಎಂಎಸ್‌ಐಎಲ್ ಹೆಸರಿನಲ್ಲಿ ಸರ್ಕಾರದ್ದೇ ಚಿಲ್ಲರೆ ಮಳಿಗೆಗಳೂ ಇವೆ. 2023–24ರಲ್ಲಿ ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ಬಂದದ್ದು 34 ಸಾವಿರ ಕೋಟಿ ರೂಪಾಯಿಯ ಆಸುಪಾಸು. ತುಂಬಿದ ಬಾಟಲಿಯನ್ನು ಎಣಿಸಲು ಬರುವ ಸರ್ಕಾರಕ್ಕೆ ಖಾಲಿ ಬಾಟಲಿಯನ್ನು ಎಣಿಸಲು ಬರುವುದಿಲ್ಲವೇ?

ಠೇವಣಿಯ ಮಾತೆತ್ತಿದರೆ ಮದ್ಯಪಾನಕ್ಕೆ ಮನ್ನಣೆ ಕೊಟ್ಟಂತಾಗುತ್ತದೆ ಎಂದು ಮದ್ಯವಿರೋಧಿ ಚಳವಳಿಯ ಹೆಂಗಸರು ಆಕ್ಷೇಪಿಸಬಹುದು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಠೇವಣಿಯಿಂದ ಮದ್ಯ ಅಗ್ಗವಾಗುವುದಿಲ್ಲ. ಕೊಳ್ಳುವಾಗ ಕೈಯಿಂದ ಹೆಚ್ಚೇ ಹೋಗುತ್ತದೆ. ಕುಡಿತದ ವಿರುದ್ಧದ ಹೋರಾಟ ತನ್ನ ದಾರಿಯಲ್ಲಿ ನಡೆಯಲಿ, ಅಲ್ಲಿಯವರೆಗೆ ಅದರ ಚೂರು ರಾಗಿ ಹೊಲಕ್ಕೆ ಬೀಳದಿರಲಿ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಗಾಜಿಗೆ ಮಾತ್ರ ಠೇವಣಿ ಹಾಕಿದರೆ ಕಂಪೆನಿಗಳು ಪ್ಲಾಸ್ಟಿಕ್ಕಿಗೂ ಪೊಟ್ಟಣಕ್ಕೂ ಜಾರಿಕೊಳ್ಳುತ್ತವೆ. ಆದ್ದರಿಂದ ಠೇವಣಿ ಎಲ್ಲ ಬಗೆಯ ಬಾಟಲಿಗೂ ಪೊಟ್ಟಣಕ್ಕೂ ಸಮನಾಗಿ ಅನ್ವಯಿಸಬೇಕು, ಮತ್ತೆ ತುಂಬಬಲ್ಲ ಬಾಟಲಿಗೆ ತೆರಿಗೆಯಲ್ಲಿ ರಿಯಾಯಿತಿ ಇರಬೇಕು.

ಕತ್ತರಿಸುವ ಕಲೆಯಿಂದ ಬೆಟ್ಟ ಶುಚಿಯಾದೀತೆಂದು ಇನ್ನೂ ನಂಬುವವರು ಒಂದು ಸರಳ ಲೆಕ್ಕ ಮಾಡಲಿ. ವಾರಕ್ಕೆ ನೂರೇ ಬಾಟಲಿ ಬೆಟ್ಟಕ್ಕೆ ಬರುತ್ತವೆಂದು ಇಟ್ಟುಕೊಂಡರೆ ವರ್ಷಕ್ಕೆ 5,200. ಒಂದು ತರಗತಿಯ ನಲವತ್ತು ಮಕ್ಕಳು ಒಬ್ಬೊಬ್ಬರು ಒಂದೊಂದು ದೀಪ ಮಾಡಿದರೆ ನಲವತ್ತು. ಮರುವರ್ಷ ಅದೇ ಮನೆಗಳಿಗೆ ಇನ್ನೊಂದು ದೀಪ ಬೇಕೇ? ಎಷ್ಟು ಮನೆಗೆ ಎಷ್ಟು ದೀಪ?

ಕುತ್ತಿಗೆ ಮುರಿದ, ಯಾವ ಗುಜರಿಗೂ ಬೇಡವಾದ ಬಾಟಲಿಯನ್ನು ಕೈಗವಸು ಹಾಕಿದ ಹಿರಿಯರು ಕತ್ತರಿಸಿ ಹೂದಾನಿ ಮಾಡಿದರೆ ಯಾರ ಅಡ್ಡಿಯೂ ಇಲ್ಲ. ಅದನ್ನು ಪರಿಸರ ರಕ್ಷಣೆ ಎನ್ನದೆ ಹವ್ಯಾಸ ಎಂದು ಕರೆದರಾಯಿತು.

ಶಾಲೆಗಳ ಇಕೋ ಕ್ಲಬ್‌ಗಳಿಗೆ ಬೇರೆ ಕೆಲಸವಿದೆ. ಬೆಟ್ಟದ ದಾರಿಯಲ್ಲಿ ಸಿಗುವ ಬಾಟಲಿಗಳನ್ನು ಎಣಿಸಿ ಪಟ್ಟಿ ಮಾಡುವುದು: ದಿನಾಂಕ, ಸಿಕ್ಕಿದ ಜಾಗ, ಚೀಟಿಯ ಮೇಲಿರುವ ತಯಾರಕರ ಹೆಸರು, ಅಳತೆ, ಇಡಿಯೋ ಒಡೆದದ್ದೋ. ಇಡಿಯಾದವನ್ನು ಹಿರಿಯರ ಜೊತೆಗೂಡಿ ಗುಜರಿಗೆ ಕೊಟ್ಟು ಬಂದ ಹಣವನ್ನು ಅದೇ ಪಟ್ಟಿಯಲ್ಲಿ ಬರೆಯುವುದು. ಒಡೆದವನ್ನು ಮಕ್ಕಳು ಮುಟ್ಟದೆ ಜಾಗ ಗುರುತಿಸಿದರೆ ಸಾಕು. ಪಂಚಾಯಿತಿಯವರು ಇಕ್ಕಳದಿಂದ ಎತ್ತಿ ತಗಡಿನ ಡಬ್ಬದಲ್ಲಿ ತುಂಬಲಿ, ಗೋಣಿಚೀಲ ಬೇಡ, ಅದು ಹೊರುವವರ ಬೆನ್ನು ಕೊಯ್ಯುತ್ತದೆ. ಆರು ತಿಂಗಳಿಗೊಮ್ಮೆ ನಡೆಯಲೇಬೇಕಾದ ಗ್ರಾಮಸಭೆಯಲ್ಲಿ ಆ ಪಟ್ಟಿಯನ್ನು ಓದಿ ದಾಖಲಿಸಬೇಕು. ಹುತ್ರಿದುರ್ಗ ಹೋಬಳಿಯ ಮದ್ಯದಂಗಡಿಗಳಲ್ಲಿ ಬಾಟಲಿಗೆ ಠೇವಣಿ ನಿಗದಿಮಾಡಿ ಮರಳಿ ಪಡೆಯುವ ಪ್ರಯೋಗ ನಡೆಯಲಿ ಎಂಬ ನಿರ್ಣಯದ ಜೊತೆಗೆ ಅದನ್ನು ತುಮಕೂರಿನ ಅಬಕಾರಿ ಅಧಿಕಾರಿಗಳಿಗೂ ಪಾನೀಯ ನಿಗಮಕ್ಕೂ ಕಳುಹಿಸಬೇಕು. ಒಂದು ಪ್ರತಿಯನ್ನು ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬ ತಯಾರಕರಿಗೆ, ಅವರ ಬಾಟಲಿಗಳ ಎಣಿಕೆಯ ಸಮೇತ, ನೋಂದಾಯಿತ ಅಂಚೆಯಲ್ಲಿ ಕಳುಹಿಸಿದರೆ ವಿಳಾಸ ಹುಡುಕುವ ಕಷ್ಟವೂ ಇಲ್ಲ, ಬಾಟಲಿಯ ಮೇಲೆಯೇ ಅಚ್ಚಾಗಿರುತ್ತದೆ.